ಮಗಳ ಕೋವಿಗೆ ಯಾವ ತೋಟಾ?

ನವೆಂಬರ್ ಎಂದರೆ ನಮ್ಮ ಬಳಗಕ್ಕೆ ರಾಜ್ಯೋತ್ಸವದ ತಿಂಗಳು. ನಾವು ನೆಲೆಸಿರುವ ವಿಸ್ಕಾನ್ಸಿನ್ ರಾಜ್ಯಕ್ಕೆ ಅದು ಜಿಂಕೆ ಬೇಟೆಯ ತಿಂಗಳು. ಥ್ಯಾಂಕ್ಸ್‌ಗಿವಿಂಗ್ ಹಬ್ಬದ ಹಿಂದಿನ ಶನಿವಾರ ಆರಂಭವಾಗಿ ಒಂಬತ್ತು ದಿನಗಳ ಕಾಲ ನಡೆಯುವ ಕೋವಿ ಬೇಟೆಯ ಋತುವಿನಲ್ಲಿ ಇಲ್ಲಿನ ಊರುಗಳು ಅರ್ಧ ಖಾಲಿಯಾಗುತ್ತವೆ. ಮಂಡಿಯ ಶಸ್ತ್ರಚಿಕಿತ್ಸೆಯನ್ನು ಡಿಸೆಂಬರಿಗೆ ಮುಂದೂಡಿರೆಂದು ನಮ್ಮ ರೋಗಿಗಳು ಸೆಪ್ಟೆಂಬರಿನಲ್ಲಿಯೇ ಕೇಳಿಕೊಳ್ಳುತ್ತಾರೆ. ರಾಜ್ಯೋತ್ಸವದ ಸಮಾರಂಭವನ್ನು ಆ ಶನಿವಾರ ಇಡಬೇಡಿರೆಂದು ನಮ್ಮ ಸಮಿತಿಯ ಸಭೆಯಲ್ಲಿ ಸಣ್ಣ ದನಿಯಲ್ಲಿ ಹೇಳುವ ಕುಟುಂಬಗಳೂ ಈಗ ನಾಲ್ಕೈದು ಆಗಿವೆ.

ಬಳಗದ ಆರೋಗ್ಯ ಶಿಬಿರದಲ್ಲಿ ಸ್ವಯಂಸೇವಕ ವೈದ್ಯರಾಗಿ ಕುಳಿತಾಗ ರಕ್ತದೊತ್ತಡ, ಸಕ್ಕರೆ, ಮಂಡಿನೋವುಗಳ ಜೊತೆಗೆ ನಮಗೆ ಬರುವ ಇನ್ನೊಂದು ಪ್ರಶ್ನೆಯಿದೆ. ಕೈಗೆ ಪಟ್ಟಿ ಸುತ್ತಿಸಿಕೊಳ್ಳುತ್ತ, ಅಕ್ಕಪಕ್ಕದಲ್ಲಿ ಸಸ್ಯಾಹಾರಿ ಹಿರಿಯರು ಇಲ್ಲವೆಂಬುದನ್ನು ಖಚಿತಪಡಿಸಿಕೊಂಡು, "ಡಾಕ್ಟ್ರೇ, ಜಿಂಕೆಗೆ ಯಾವ ತೋಟಾ ಒಳ್ಳೆಯದು?" ಎಂದು ಕೇಳುತ್ತಾರೆ. ಒಬ್ಬೊಬ್ಬರಿಗೂ ಹೇಳುವ ಬದಲು ಒಮ್ಮೆ ಬರೆದುಬಿಡೋಣವೆಂದು ಈ ಲೇಖನ. ಬೇಟೆಯ ಮಾತೇ ಬೇಡವೆನ್ನುವ ಸದಸ್ಯರು ದಯವಿಟ್ಟು ಈ ಸಂಚಿಕೆಯ ಮುಂದಿನ ಪುಟಕ್ಕೆ ಹೋಗಬೇಕೆಂದು ವಿನಂತಿ; ಅವರ ನಿಲುವಿನ ಬಗ್ಗೆ ನಮಗೆ ಗೌರವವಿದೆ, ನಮ್ಮ ಮನೆಯಲ್ಲಿಯೇ ಅಂಥವರಿದ್ದಾರೆ.

ನಾವು ಹುಟ್ಟಿ ಬೆಳೆದದ್ದು ಸಕಲೇಶಪುರದ ಕಡೆಯ ಕಾಫಿ ತೋಟದಲ್ಲಿ. ಅಜ್ಜನ ಬಳಿ ಜೋಡಿ ನಳಿಗೆಯ ಹನ್ನೆರಡು ಬೋರಿನ ಕೋವಿಯೊಂದಿತ್ತು. ಬೆಳೆ ರಕ್ಷಣೆಗೆಂದು ಕೊಟ್ಟ ಪರವಾನಗಿ. ಚುನಾವಣೆ ಬಂತೆಂದರೆ ಅದನ್ನು ಚೀಲದಲ್ಲಿ ಸುತ್ತಿ ಪೊಲೀಸ್ ಠಾಣೆಗೆ ಒಪ್ಪಿಸಿ ರಸೀದಿ ತರುವುದು, ಎಣಿಕೆ ಮುಗಿದ ಮೇಲೆ ಮತ್ತೆ ಬಿಡಿಸಿಕೊಂಡು ಬರುವುದು, ಇದೇ ಅದರ ಮುಖ್ಯ ಪ್ರಯಾಣ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂದ ಮೇಲೆ ಕಡವೆ, ಕಾಡುಕುರಿಗಳ ಮಾತು ಕತೆಯಾಗಿ ಉಳಿಯಿತು. ನಮ್ಮ ಕಾಲಕ್ಕೆ ಆ ಕೋವಿ ಗಾಳಿಯಲ್ಲಿ ಈಡು ಹಾರಿಸಿ ಹಂದಿಗಳನ್ನು ಗದ್ದೆಯಿಂದ ಓಡಿಸುವ ಸಾಧನವಷ್ಟೇ ಆಗಿತ್ತು. ಅಲ್ಲಿ ತೋಟಾ ಆರಿಸುವ ಪ್ರಶ್ನೆ ಇರಲೇ ಇಲ್ಲ. ಚರೆಯೋ ಗುಂಡೋ ಎಂಬುದೊಂದೇ ಆಯ್ಕೆ, ಅದೂ ಪೇಟೆಯ ಅಂಗಡಿಯಲ್ಲಿ ಇದ್ದದ್ದು, ಪರವಾನಗಿಯ ಪುಸ್ತಕ ಒಪ್ಪಿದಷ್ಟು.

ಇಲ್ಲಿಯ ಅಂಗಡಿಗೆ ಮೊದಲ ಬಾರಿ ಕಾಲಿಟ್ಟಾಗ ಎದುರಿಗೆ ಒಂದು ಗೋಡೆಯ ತುಂಬ ತೋಟಾ ಡಬ್ಬಿಗಳು. ಒಂದೊಂದರ ಮೇಲೂ ಅರ್ಥವಾಗದ ಸಂಖ್ಯೆಗಳು. ಔಷಧಿ ಅಂಗಡಿಯ ಹಿಂಭಾಗದಲ್ಲಿ ನಿಂತ ಹಳ್ಳಿಗನಿಗೆ ಏನನ್ನಿಸಬಹುದೋ ಅದೇ ನಮಗೂ ಅನ್ನಿಸಿತು.

ಆ ಸಂಖ್ಯೆಗಳಿಗೆ ಒಂದೇ ನಿಯಮವಿಲ್ಲವೆಂಬುದೇ ತಿಳಿಯಬೇಕಾದ ಮೊದಲ ಸಂಗತಿ. .30-30 ಎಂಬುದರಲ್ಲಿ ಮೊದಲನೆಯದು ನಳಿಗೆಯ ವ್ಯಾಸ, ಇಂಚಿನ ನೂರನೇ ಭಾಗಗಳಲ್ಲಿ. ಎರಡನೆಯದು ಆರಂಭದಲ್ಲಿ ತುಂಬುತ್ತಿದ್ದ ಮದ್ದಿನ ತೂಕ, 30 ಗ್ರೇನ್. 1895ರಷ್ಟು ಹಳೆಯ ತೋಟಾ ಅದು. .30-06ರಲ್ಲಿ ಎರಡನೆಯ ಸಂಖ್ಯೆ ತೂಕವಲ್ಲ, ಇಸವಿ. ಅಮೆರಿಕದ ಸೈನ್ಯ ಅದನ್ನು ಅಂಗೀಕರಿಸಿದ 1906. .308 ವಿಂಚೆಸ್ಟರ್ ಎಂಬುದು ಗುಂಡಿನ ನಿಜವಾದ ವ್ಯಾಸ; .30-06ರ ಗುಂಡೂ ಅದೇ ವ್ಯಾಸದ್ದು. .270ರ ಗುಂಡಾದರೋ .277 ಇಂಚು. 6.5 ಕ್ರೀಡ್‌ಮೋರ್ ಮಿಲಿಮೀಟರಿನ ಲೆಕ್ಕ. ತೂಕವನ್ನು ಹೇಳುವ ಗ್ರೇನ್ ನಮ್ಮ ಗುಲಗಂಜಿಯ ಹಾಗೆ ಹಳೆಯ ಅಳತೆ; 7000 ಗ್ರೇನ್ ಸೇರಿದರೆ ಒಂದು ಪೌಂಡ್, 150 ಗ್ರೇನಿನ ಗುಂಡು ಹತ್ತು ಗ್ರಾಮಿಗೆ ತುಸು ಕಡಿಮೆ.

ಈ ವಿಚಾರದಲ್ಲಿ ಕನ್ನಡ ಓದುಗರು ಅಷ್ಟೇನೂ ಅಪರಿಚಿತರಲ್ಲ. ಪೂರ್ಣಚಂದ್ರ ತೇಜಸ್ವಿಯವರು ಕನ್ನಡಕ್ಕೆ ತಂದ ಕೆನೆತ್ ಆಂಡರ್ಸನ್ನನ ಕಾಡಿನ ಕತೆಗಳನ್ನು ಓದಿ ಬೆಳೆದವರು ನಾವು. ಆಂಡರ್ಸನ್ ಹೆಗಲಿಗೇರಿಸುತ್ತಿದ್ದದ್ದು .405 ವಿಂಚೆಸ್ಟರ್, ಭಾರವಾದ ಗುಂಡು, ಜೋರಾದ ಒದೆತ. ಜಿಮ್ ಕಾರ್ಬೆಟ್ಟನಿಗೆ ಚಂಪಾವತದ ಹುಲಿಯನ್ನು ಕೊಂದದ್ದಕ್ಕಾಗಿ 1907ರಲ್ಲಿ ಸಿಕ್ಕ ರಿಗ್ಬಿ ರೈಫಲ್ .275ರದು; ಅಂದರೆ ಜರ್ಮನಿಯ 7 ಮಿಲಿಮೀಟರ್ ಮೌಸರ್ ತೋಟಾಕ್ಕೆ ಇಂಗ್ಲೆಂಡಿನ ಹೆಸರು. ಒದೆತ ಮೃದು, ಗುರಿ ನಿಖರ. ಈ ಎರಡನೆಯದನ್ನು ಓದುಗರು ನೆನಪಿನಲ್ಲಿಡಬೇಕು; ಮುಂದೆ ಅದು ನಮ್ಮ ಮನೆಗೇ ಬರುತ್ತದೆ.

ಮುಂದುವರಿಯುವ ಮೊದಲು ಕಾನೂನಿನ ಒಂದು ಮಾತು, ಏಕೆಂದರೆ ಇದರಲ್ಲಿ ತಪ್ಪಿದರೆ ಹೋಗುವುದು ಬೇಟೆಯಲ್ಲ, ವೀಸಾ. ಎಚ್-1ಬಿ ಮುಂತಾದ ವಲಸೆಯೇತರ ವೀಸಾದಲ್ಲಿರುವವರು ಕೋವಿಯನ್ನಾಗಲಿ ತೋಟಾವನ್ನಾಗಲಿ ಹೊಂದಿರುವುದನ್ನು ಅಮೆರಿಕದ ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ಯಾವುದಾದರೊಂದು ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಪರವಾನಗಿ ಇದ್ದರೆ ವಿನಾಯಿತಿಯುಂಟು. ಪರವಾನಗಿಯ ಅವಧಿ ಮುಗಿದ ಮರುದಿನವೂ ಮನೆಯ ಕಪಾಟಿನಲ್ಲಿ ತೋಟಾ ಡಬ್ಬಿ ಇದ್ದರೆ ಏನಾಗುತ್ತದೆಂಬುದನ್ನು ವಕೀಲರಲ್ಲಿ ಕೇಳಿ ತಿಳಿಯಬೇಕೇ ಹೊರತು ಗೆಳೆಯರಲ್ಲಿ ಅಲ್ಲ. ಗ್ರೀನ್ ಕಾರ್ಡ್ ಉಳ್ಳವರಿಗೆ ಈ ತೊಡಕಿಲ್ಲ. ಇನ್ನು ವಿಸ್ಕಾನ್ಸಿನ್ನಿನಲ್ಲಿ 1973ರ ಜನವರಿ 1ರಂದು ಅಥವಾ ಅನಂತರ ಹುಟ್ಟಿದವರೆಲ್ಲರೂ ಬೇಟೆಗಾರರ ಶಿಕ್ಷಣದ ತರಗತಿಯನ್ನು ಮುಗಿಸಿದ್ದರೆ ಮಾತ್ರ ತಾವಾಗಿ ಪರವಾನಗಿ ಪಡೆಯಬಹುದು. ಅಂದರೆ ನಮ್ಮ ಬಳಗದ ಬಹುಪಾಲು ಮಂದಿ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಕೇವಲ ಕುತೂಹಲವಾಗಿದ್ದ ಕಾಲ ಮೂರು ವರ್ಷಗಳ ಹಿಂದೆ ಮುಗಿಯಿತು. ಆಗ ಮಗಳಿಗೆ ಹನ್ನೆರಡು. ಪಕ್ಕದ ಹೊಲದ ಹಿರಿಯ ರೈತರು ತಮ್ಮ ಕಾಡಿನಂಚಿನಲ್ಲಿ ಬೇಟೆಗೆ ಅನುಮತಿ ಕೊಟ್ಟಿದ್ದರು. ನಮ್ಮ ಭಾವಮೈದುನ ಹೊಸದಾಗಿ .300 ವಿಂಚೆಸ್ಟರ್ ಮ್ಯಾಗ್ನಮ್ ರೈಫಲ್ ಕೊಂಡಿದ್ದರು. (ಅವರ ಅನುಮತಿ ಪಡೆದೇ ಇದನ್ನು ಬರೆಯುತ್ತಿದ್ದೇವೆ.) ಅಂಗಡಿಯಲ್ಲಿ ಯಾರೋ, "ಇದೊಂದಿದ್ದರೆ ಜಿಂಕೆಯಿಂದ ಮೂಸ್‌ವರೆಗೆ ಯಾವುದಕ್ಕೂ ಯೋಚನೆಯಿಲ್ಲ" ಎಂದಿದ್ದರಂತೆ. ಅಭ್ಯಾಸದ ಮೈದಾನದಲ್ಲಿ ಆರು ಈಡು ಹಾರಿಸಿ, ಹೆಗಲು ಕೆಂಪಾಗಿ, ಸಾಕೆಂದು ಬಂದಿದ್ದರು. ಋತುವಿನ ಎರಡನೆಯ ದಿನ ಸಂಜೆ ಎಪ್ಪತ್ತು ಗಜ ದೂರದಲ್ಲಿ ಹೆಣ್ಣು ಜಿಂಕೆಯೊಂದು ಅಡ್ಡಲಾಗಿ ನಿಂತಿತು. ಅಷ್ಟು ಹತ್ತಿರದ್ದನ್ನು ತಪ್ಪಿಸುವುದೇ ಕಷ್ಟ. ಆದರೆ ಒದೆತದ ಭಯಕ್ಕೆ, ಕುದುರೆ ಎಳೆಯುವ ಕ್ಷಣಾರ್ಧ ಮೊದಲೇ ಕಣ್ಣು ಮುಚ್ಚಿ ಹೆಗಲು ಮುಂದಕ್ಕೆ ಜಗ್ಗಿತ್ತು. ಈಡು ಪಕ್ಕೆಲುಬಿನ ಹಿಂದೆ, ಹೊಟ್ಟೆಗೆ ಬಿತ್ತು.

ಹಿಮದ ಮೇಲೆ ಬಿದ್ದ ಕುರುಹು ವೈದ್ಯರಿಗೆ ಓದಲು ಬರುವ ಭಾಷೆ. ನೊರೆಯುಕ್ಕುವ ತಿಳಿಗೆಂಪಾದರೆ ಶ್ವಾಸಕೋಶ, ಕಪ್ಪುಗೆಂಪಾದರೆ ಯಕೃತ್ತು, ಹಸಿರು ಮಿಶ್ರಿತವಾದರೆ ಜಠರ. ಇದು ಹಸಿರು. ಇಂಥ ಪ್ರಾಣಿಯನ್ನು ಕೂಡಲೇ ಬೆನ್ನಟ್ಟಿದರೆ ಅದು ಮೈಲಿಗಟ್ಟಲೆ ಓಡುತ್ತದೆ. ಆರೆಂಟು ಗಂಟೆ ಕಾಯಬೇಕೆಂಬುದು ಅನುಭವಸ್ಥರ ನಿಯಮ. ರಾತ್ರಿ ಕಾದು ಬೆಳಿಗ್ಗೆ ಹುಡುಕಿದಾಗ ಜೌಗಿನ ಅಂಚಿನಲ್ಲಿ ಸಿಕ್ಕಿತು. ಅಷ್ಟರಲ್ಲಿ ಕಯೋಟಿಗಳು ಬಂದುಹೋಗಿದ್ದವು. ಜೊತೆಗೆ ಬಂದಿದ್ದ ಮಗಳು ಅದನ್ನು ಬಹಳ ಹೊತ್ತು ನೋಡಿ, "ಅಪ್ಪ, ಇದು ರಾತ್ರಿಯೆಲ್ಲ ಬದುಕಿತ್ತಾ?" ಎಂದು ಕೇಳಿದಳು. ಕೆಲವು ಗಂಟೆಗಳ ಕಾಲ ಬದುಕಿತ್ತು ಎಂದು ನಿಜವನ್ನೇ ಹೇಳಿದೆವು. ಅವಳು ಇನ್ನೇನೂ ಕೇಳಲಿಲ್ಲ. ಇನ್ನು ಇವಳು ಇತ್ತ ತಲೆಹಾಕುವುದಿಲ್ಲವೆಂದು ನಾವು ಭಾವಿಸಿದ್ದೆವು. ಮುಂದಿನ ವಸಂತದಲ್ಲಿ ಬೇಟೆಗಾರರ ಶಿಕ್ಷಣದ ತರಗತಿಗೆ ತಾನೇ ಹೆಸರು ಬರೆಸಿದಳು. ಕಾರಣ ಕೇಳಿದ ಅವಳಮ್ಮನಿಗೆ ಕೊಟ್ಟ ಉತ್ತರ ಇಷ್ಟೇ: "ನಾವು ಮಾಂಸ ತಿನ್ನುತ್ತೇವಲ್ಲ ಅಮ್ಮ. ಹಾಗಾದರೆ ಸರಿಯಾಗಿ ಮಾಡುವುದನ್ನು ಕಲಿಯಬೇಕು."

ಹೀಗಾಗಿ ನಮ್ಮ ಮುಂದೆ ಬಂದದ್ದು ಅತಿ ಬಲವಾದ ತೋಟಾ ಯಾವುದು ಎಂಬ ಪ್ರಶ್ನೆಯಲ್ಲ. ನಲವತ್ತೈದು ಕಿಲೋ ತೂಗುವ ಹುಡುಗಿಯೊಬ್ಬಳು ಕಣ್ಣು ಮುಚ್ಚದೆ ಹಾರಿಸಬಲ್ಲ, ಆದರೂ ಪ್ರಾಣಿಯನ್ನು ಕ್ಷಣಗಳಲ್ಲಿ ಕೊಲ್ಲಬಲ್ಲ ತೋಟಾ ಯಾವುದು ಎಂಬ ಪ್ರಶ್ನೆ.

ಕೊಲ್ಲುವುದು ಏನು ಎಂಬಲ್ಲಿಂದ ಹೊರಡಬೇಕು. ಎಂ.ಬಿ.ಬಿ.ಎಸ್. ಓದುವಾಗ ನ್ಯಾಯವೈದ್ಯಶಾಸ್ತ್ರದ ಪಠ್ಯದಲ್ಲಿ ಕೋವಿ ಗಾಯಗಳ ಅಧ್ಯಾಯವೊಂದಿತ್ತು. ಒಳಹೊಕ್ಕ ಗಾಯ, ಹೊರಬಂದ ಗಾಯ, ಸುಟ್ಟ ಅಂಚು, ಮಸಿಯ ಗುರುತು. ಪರೀಕ್ಷೆಗೆಂದು ಬಾಯಿಪಾಠ ಮಾಡಿದ ಅದು ಮುಂದೊಂದು ದಿನ ಹೀಗೆ ಕೆಲಸಕ್ಕೆ ಬರುತ್ತದೆಂದು ಯಾರೂ ಹೇಳಿರಲಿಲ್ಲ. ಗುಂಡು ಅಂಗಾಂಶವನ್ನು ಎರಡು ಬಗೆಯಲ್ಲಿ ಹಾಳುಮಾಡುತ್ತದೆ. ಹಾದುಹೋದ ದಾರಿಯಲ್ಲಿ ನೇರವಾಗಿ ಹರಿದು ಶಾಶ್ವತ ಕುಳಿಯನ್ನು ಮಾಡುತ್ತದೆ. ಸುತ್ತಲಿನ ಅಂಗಾಂಶವನ್ನು ಕ್ಷಣಮಾತ್ರ ಬದಿಗೆ ತಳ್ಳಿ ತಾತ್ಕಾಲಿಕ ಕುಳಿಯನ್ನು ಮಾಡುತ್ತದೆ. ಅಮೆರಿಕದ ಸೇನಾ ಶಸ್ತ್ರವೈದ್ಯ ಮಾರ್ಟಿನ್ ಫ್ಯಾಕ್ಲರ್ 4 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟ ಹತ್ತು ಶೇಕಡಾ ಜೆಲಟಿನ್ ಗಟ್ಟಿಗಳಿಗೆ ಗುಂಡು ಹಾರಿಸಿ ಇವೆರಡನ್ನೂ ಅಳೆದು ತೋರಿಸಿದರು. ಶ್ವಾಸಕೋಶ ಸ್ಪಂಜಿನಂತೆ ಹಿಗ್ಗಿ ಮತ್ತೆ ಕೂಡಿಕೊಳ್ಳುತ್ತದೆ. ಆದ್ದರಿಂದ ನೆಚ್ಚಬಹುದಾದದ್ದು ಗುಂಡು ನಿಜವಾಗಿ ಹರಿದ ದಾರಿಯನ್ನೇ. ಎರಡೂ ಶ್ವಾಸಕೋಶಗಳನ್ನು, ಹೃದಯದ ಮೇಲಿನ ದೊಡ್ಡ ರಕ್ತನಾಳಗಳನ್ನು ಹರಿದರೆ ರಕ್ತದೊತ್ತಡ ಕುಸಿದು ಹತ್ತು ಹದಿನೈದು ಸೆಕೆಂಡುಗಳಲ್ಲಿ ಪ್ರಜ್ಞೆ ಹೋಗುತ್ತದೆ. ಮಿದುಳಿನಲ್ಲಿ ಉಳಿದ ಆಮ್ಲಜನಕದ ಬಲದಿಂದ ಹೃದಯ ಛಿದ್ರವಾದ ಜಿಂಕೆಯೂ ನೂರು ಗಜ ಓಡಬಹುದು. ಓಡಿತೆಂದರೆ ತೋಟಾ ಸಾಲದಾಯಿತೆಂದು ಅರ್ಥವಲ್ಲ.

ಜಿಂಕೆಯಲ್ಲಿ ಈ ಪ್ರದೇಶ ಸುಮಾರು ಎಂಟು ಇಂಚು ಅಗಲ. ನಮ್ಮ ಮನೆಯ ತಿಂಡಿ ತಟ್ಟೆಯಷ್ಟು. ತಟ್ಟೆಯೊಳಗೆ ಬಿದ್ದರೆ ಸಣ್ಣ ತೋಟಾವೂ ಸಾಕು, ಹೊರಗೆ ಬಿದ್ದರೆ ದೊಡ್ಡದೂ ಸಾಲದು. ಭಾವಮೈದುನರ ಮ್ಯಾಗ್ನಮ್ ತೋಟಾದಲ್ಲಿ ನಳಿಗೆಯ ಬಾಯಲ್ಲಿ ಸುಮಾರು 3500 ಅಡಿ-ಪೌಂಡ್ ಶಕ್ತಿಯಿತ್ತು. ನೂರು ವರ್ಷಗಳಿಂದ ಈ ಕಾಡುಗಳಲ್ಲಿ ಲೆಕ್ಕವಿಲ್ಲದಷ್ಟು ಜಿಂಕೆಗಳನ್ನು ಉರುಳಿಸಿದ ಹಳೆಯ .30-30ರಲ್ಲಿ 1900.

ಹಾಗಾಗಿ ನಾವು ಒದೆತದಿಂದ ಲೆಕ್ಕ ಆರಂಭಿಸಿದೆವು. ಎಂಟು ಪೌಂಡ್ ತೂಕದ ರೈಫಲಿನಲ್ಲಿ .300 ಮ್ಯಾಗ್ನಮ್ ಸುಮಾರು 26 ಅಡಿ-ಪೌಂಡಿನಷ್ಟು ಹಿಂದಕ್ಕೆ ಒದೆಯುತ್ತದೆ; .30-06 ಸುಮಾರು 20; .308 ಅದಕ್ಕಿಂತ ಮೂರು ನಾಲ್ಕು ಕಡಿಮೆ. 7 ಎಂಎಂ-08 ರೆಮಿಂಗ್‌ಟನ್ ಮತ್ತು 6.5 ಕ್ರೀಡ್‌ಮೋರ್ ಹನ್ನೆರಡು ಹದಿಮೂರರ ಆಸುಪಾಸು; .243 ಹತ್ತರ ಒಳಗೆ. ಗುಂಡಿನ ತೂಕ, ಕೋವಿಯ ತೂಕ ಬದಲಾದಂತೆ ಇವು ಬದಲಾಗುತ್ತವೆ. ಹಗುರವಾದ ಕೋವಿ ಹೊರಲು ಸುಖ, ಹಾರಿಸಲು ಕಷ್ಟ. ಪುಟ್ಟ ಹುಡುಗಿಗೆ ಪುಟ್ಟ ಹಗುರ ಕೋವಿ ಕೊಡುವ ತಂದೆಯರು ಇದನ್ನು ಗಮನಿಸಬೇಕು. ಕೋವಿಯ ಬುಡ ಅವಳ ತೋಳಿಗೆ ತಕ್ಕಂತೆ ಮೋಟಾಗಿರಬೇಕು. ಇಲ್ಲವಾದರೆ ಕತ್ತು ಚಾಚಿ ಸ್ಕೋಪಿಗೆ ಕಣ್ಣು ಹತ್ತಿರ ತಂದು, ಒದೆತಕ್ಕೆ ಸ್ಕೋಪಿನ ಅಂಚು ಹುಬ್ಬಿಗೆ ಬಡಿಯುತ್ತದೆ. ಆ ಅರ್ಧಚಂದ್ರಾಕಾರದ ಗಾಯಕ್ಕೆ ಹೊಲಿಗೆ ಹಾಕುವುದು ನವೆಂಬರಿನಲ್ಲಿ ಇಲ್ಲಿನ ವೈದ್ಯರಿಗೆ ಹೊಸದೇನಲ್ಲ.

ಚರ್ಚೆ ಮನೆಯಲ್ಲಿ ಒಂದು ಚಳಿಗಾಲವಿಡೀ ನಡೆಯಿತು. ಪಕ್ಕದ ಹೊಲದ ಹಿರಿಯರು ತಮ್ಮ ತಂದೆಯ ಕಾಲದ .30-30 ರೈಫಲನ್ನು ಎರವಲು ಕೊಡುವುದಾಗಿ ಹೇಳಿದರು. ಅವರ ಕಾಡಿನಲ್ಲಿ ನೂರು ಗಜಕ್ಕಿಂತ ದೂರದ ನೋಟವೇ ಇಲ್ಲವಾದ್ದರಿಂದ ಅದು ಧಾರಾಳವಾಗಿ ಸಾಕು. ಅಷ್ಟರಲ್ಲಿ ಡೆನ್ವರಿನ ಹತ್ತಿರ ನೆಲೆಸಿರುವ ನಮ್ಮ ಹಳೆಯ ಸಹಪಾಠಿ ಕುಟುಂಬದವರು, "ಮಗಳು ಕಲಿಯುತ್ತಿದ್ದಾಳಂತೆ, ಮುಂದೊಂದು ವರ್ಷ ಎಲ್ಕ್ ಬೇಟೆಗೆ ಕರೆದುಕೊಂಡು ಬನ್ನಿ" ಎಂದು ಆಹ್ವಾನಿಸಿದರು. ಎಲ್ಕ್ ನಮ್ಮ ಕಡವೆಯ ದೊಡ್ಡಣ್ಣ. ಗಂಡಾದರೆ ಮುನ್ನೂರು ಕಿಲೋ ಮೀರುತ್ತದೆ. ಬಯಲು ಬೆಟ್ಟಗಳಲ್ಲಿ ಇನ್ನೂರು ಗಜದ ಈಡು ಸಾಮಾನ್ಯ. .30-30 ಅಲ್ಲಿಗೆ ಒಗ್ಗುವುದಿಲ್ಲ. ಎರಡು ಕೋವಿ ಕೊಳ್ಳುವುದು ಬೇಡವೆಂಬುದು ಮನೆಯವರ ಖಚಿತ ತೀರ್ಮಾನ. ಅದರ ಮೇಲೆ ಮೇಲ್ಮನವಿ ಇಲ್ಲ.

ಕೊಲೊರಾಡೊ ರಾಜ್ಯ ಇದಕ್ಕೆ ಸ್ಪಷ್ಟವಾದ ಕನಿಷ್ಠ ಮಿತಿ ಹಾಕಿದೆ: ವ್ಯಾಸ .24 ಇಂಚಿಗೆ ಕಡಿಮೆಯಿರಬಾರದು, ಎಲ್ಕ್ ಮತ್ತು ಮೂಸ್‌ಗೆ ಗುಂಡು 85 ಗ್ರೇನಿಗೆ ಕಡಿಮೆಯಿರಬಾರದು, ನೂರು ಗಜದಲ್ಲಿ 1000 ಅಡಿ-ಪೌಂಡ್ ಶಕ್ತಿ ಉಳಿದಿರಬೇಕು. ಈ ಲೆಕ್ಕದಲ್ಲಿ .243 ಕೂಡ ಉತ್ತೀರ್ಣ. ಆದರೆ ಕನಿಷ್ಠ ಅಂಕ ಪಡೆದು ಉತ್ತೀರ್ಣರಾಗುವ ವಿದ್ಯಾರ್ಥಿಯನ್ನು ಕಷ್ಟದ ರೋಗಿಯ ಮುಂದೆ ನಿಲ್ಲಿಸಲು ಯಾವ ಪ್ರಾಧ್ಯಾಪಕರೂ ಒಪ್ಪಲಾರರು. ಜಿಂಕೆಗೆ .243 ಉತ್ತಮ ತೋಟಾ. ಎಲ್ಕಿಗೆ ಅದು ಪಳಗಿದ ಕೈಯಲ್ಲಿ ಮಾತ್ರ ಇರಬೇಕು.

ಮಿಚಿಗನ್, ಒಹಾಯೊ ಕಡೆಯ ಓದುಗರು ಇಲ್ಲೊಂದು ವ್ಯತ್ಯಾಸ ಗಮನಿಸಬೇಕು. ಜನವಸತಿ ಹೆಚ್ಚಾದ ಅಂಥ ಕಡೆಗಳಲ್ಲಿ ಗುಂಡು ಬಹುದೂರ ಹೋಗಬಾರದೆಂದು ಕತ್ತು ಕಿರಿದಾಗದ, ನೇರ ಗೋಡೆಯ ಚಿಪ್ಪಿನ ತೋಟಾಗಳಿಗಷ್ಟೇ ಅನುಮತಿ ಕೊಡುವ ನಿಯಮಗಳು ಬಂದಿವೆ, 2019ರಲ್ಲಿ ಬಂದ.350 ಲೆಜೆಂಡ್ ಅವುಗಳಿಗೆಂದೇ ಹುಟ್ಟಿದ್ದು. ಆಯಾ ವರ್ಷದ ನಿಯಮ ಪುಸ್ತಕವನ್ನು ನೋಡದೆ ಕೋವಿ ಕೊಳ್ಳಬಾರದು.

ಉಳಿದದ್ದು .308ರ ಕುಟುಂಬ. 1952ರಲ್ಲಿ ಬಂದ ಈ ತೋಟಾದ ಚಿಪ್ಪಿನ ಕತ್ತನ್ನು ಕಿರಿದಾಗಿಸಿ 1955ರಲ್ಲಿ .243 ಮಾಡಿದರು, 1980ರಲ್ಲಿ 7 ಎಂಎಂ-08 ಮಾರುಕಟ್ಟೆಗೆ ಬಂತು. ಒಂದೇ ಮನೆಯ ಮಕ್ಕಳು, ಬೇರೆ ಬೇರೆ ಸ್ವಭಾವ. ಅಂಗಡಿಯವರ ಒಲವೆಲ್ಲ 2007ರಲ್ಲಿ ಬಂದು ಜನಪ್ರಿಯವಾದ 6.5 ಕ್ರೀಡ್‌ಮೋರ್ ಕಡೆಗಿತ್ತು. ಅದರಲ್ಲಿ ತಪ್ಪು ಹುಡುಕಲು ನಮಗೂ ಆಗಲಿಲ್ಲ, ಡಬ್ಬಿಗಳೂ ಎಲ್ಲೆಡೆ ಸಿಗುತ್ತವೆ. 7 ಎಂಎಂ-08ರ ಪರವಾಗಿ ನಿಂತದ್ದು ಎರಡು ಸಂಗತಿಗಳು. ಒದೆತ ಹೆಚ್ಚುಕಡಿಮೆ ಅಷ್ಟೇ ಇದ್ದರೂ ಗುಂಡು ತುಸು ಅಗಲ, ಎಲ್ಕಿಗೆ ಅದು ಸಣ್ಣ ಸಮಾಧಾನ. ಎರಡನೆಯದು, ಒಪ್ಪಿಕೊಳ್ಳುತ್ತೇವೆ, ಪೂರ್ಣವಾಗಿ ವೈಜ್ಞಾನಿಕವಲ್ಲ: ವೇಗ ತೂಕಗಳ ಲೆಕ್ಕದಲ್ಲಿ ಅದು ಕಾರ್ಬೆಟ್ಟನ .275 ರಿಗ್ಬಿಯ ಪಕ್ಕದ ಮನೆಯದು. 140 ಗ್ರೇನಿನ ಗುಂಡು, ಸೆಕೆಂಡಿಗೆ 2800 ಅಡಿಯ ಸುಮಾರು. ಭಾವಮೈದುನ ಮಾತ್ರ, "ಭಾವ, ಎಲ್ಕಿಗೆ ಇದು ಸಣ್ಣದಾಯಿತು" ಎಂದರು. ಅವರ ಅಕ್ಕ ಒಮ್ಮೆ ಅವರತ್ತ ನೋಡಿದರು. ಮಾತು ಅಲ್ಲಿಗೆ ನಿಂತಿತು.

ತೋಟಾ ಆಯಿತು, ಆದರೆ ಅದರ ತುದಿಯ ಗುಂಡು ಯಾವುದೆಂಬುದು ನಮ್ಮ ಅಭಿಪ್ರಾಯದಲ್ಲಿ ಅದಕ್ಕಿಂತ ದೊಡ್ಡ ಪ್ರಶ್ನೆ. 1946ರಲ್ಲಿ ಜಾನ್ ನಾಸ್ಲರ್ ಎಂಬುವರು ಕೆನಡಾದ ಬ್ರಿಟಿಷ್ ಕೊಲಂಬಿಯಾದಲ್ಲಿ ಕೆಸರು ಮೆತ್ತಿಕೊಂಡ ಮೂಸ್ ಒಂದಕ್ಕೆ ಬಲವಾದ .300 ಮ್ಯಾಗ್ನಮ್ ರೈಫಲಿನಿಂದಲೇ ಹೊಡೆದರು. ಗುಂಡುಗಳು ಮೇಲ್ಮೈಯಲ್ಲಿಯೇ ಚೂರಾಗಿ ಒಳಗಿಳಿಯಲಿಲ್ಲ. ತೋಟಾದಲ್ಲಿ ಶಕ್ತಿ ಕಡಿಮೆಯಿರಲಿಲ್ಲ, ಗುಂಡಿನ ರಚನೆ ಸೋತಿತ್ತು. ಊರಿಗೆ ಮರಳಿದ ಅವರು ನಡುವೆ ಗೋಡೆಯಿರುವ ಗುಂಡೊಂದನ್ನು ರೂಪಿಸಿದರು: ಮುಂಭಾಗ ಅಣಬೆಯಂತೆ ಅರಳುತ್ತದೆ, ಹಿಂಭಾಗ ಇಡಿಯಾಗಿ ಉಳಿದು ಒಳಹೋಗುತ್ತದೆ. ಪಾರ್ಟಿಷನ್ ಎಂಬ ಆ ಗುಂಡು ಇಂದಿಗೂ ಮಾರಾಟದಲ್ಲಿದೆ.

ಸೀಸವೋ ತಾಮ್ರವೋ ಎಂಬಲ್ಲಿ ನಾವು ಬೇಟೆಗಾರರಾಗಿ ಅಲ್ಲ, ವೈದ್ಯರಾಗಿ ಮಾತನಾಡುತ್ತೇವೆ. ಸಾಧಾರಣ ಗುಂಡಿನ ಒಳಗೆ ಸೀಸವಿರುತ್ತದೆ. ವೇಗವಾಗಿ ಬಡಿದಾಗ ಅದು ಕಣ್ಣಿಗೆ ಕಾಣದ ಚೂರುಗಳಾಗಿ ಚದುರುತ್ತದೆ. 2008ರಲ್ಲಿ ನಾರ್ತ್ ಡಕೋಟಾದ ವೈದ್ಯರೊಬ್ಬರು ಬಡವರ ಆಹಾರ ಭಂಡಾರಗಳಿಗೆ ದಾನವಾಗಿ ಬಂದ ಜಿಂಕೆ ಮಾಂಸದ ಕೈಮಾವನ್ನು ಪರೀಕ್ಷಿಸಿದಾಗ ಸೀಸದ ಕಣಗಳು ಕಂಡವು. ಆಮೇಲೆ ರಾಜ್ಯದ ಆರೋಗ್ಯ ಇಲಾಖೆಯೂ ಕೇಂದ್ರದ ಸಿಡಿಸಿಯೂ 738 ಜನರ ರಕ್ತ ಪರೀಕ್ಷಿಸಿದವು. ಬೇಟೆಯ ಮಾಂಸ ತಿನ್ನುವವರಲ್ಲಿ ಸೀಸದ ಪ್ರಮಾಣ ಡೆಸಿಲೀಟರಿಗೆ 0.30 ಮೈಕ್ರೋಗ್ರಾಮಿನಷ್ಟು ಹೆಚ್ಚಿತ್ತು. ದೊಡ್ಡವರಿಗೆ ಇದು ಗಾಬರಿಪಡುವ ಅಂಕಿಯಲ್ಲ. ಆದರೆ ಬೆಳೆಯುವ ಮಿದುಳಿಗೆ ಸೀಸದ ಸುರಕ್ಷಿತ ಮಟ್ಟವೆಂಬುದು ಇಲ್ಲ. ಬಸುರಿಯರೂ ಆರು ವರ್ಷದೊಳಗಿನ ಮಕ್ಕಳೂ ಸೀಸದ ಗುಂಡಿನಿಂದ ಹೊಡೆದ ಮಾಂಸವನ್ನು ತಿನ್ನದಿರುವುದು ಒಳ್ಳೆಯದೆಂದು ಆ ರಾಜ್ಯವೇ ಸಲಹೆ ನೀಡಿತು. ಮಿನ್ನೆಸೋಟದಲ್ಲಿ ಕುರಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಗಾಯದಿಂದ ಒಂದು ಅಡಿಗಿಂತ ದೂರದಲ್ಲಿಯೂ ಚೂರುಗಳು ಸಿಕ್ಕವು. ಗಾಯದ ಸುತ್ತ ನಾಲ್ಕು ಬೆರಳು ಕೊಯ್ದು ಬಿಸಾಡಿದರೆ ಸಾಲದು. ಕ್ಯಾಲಿಫೋರ್ನಿಯಾ 2019ರ ಜುಲೈಯಿಂದ ಬೇಟೆಗೆ ಸೀಸದ ಗುಂಡನ್ನೇ ನಿಷೇಧಿಸಿದೆ. ನಮ್ಮ ಮನೆಯಲ್ಲಿ ಮೂರು ವರ್ಷದ ಮಗನೂ ಇದ್ದಾನೆ. ಆದ್ದರಿಂದ ಇಡಿಯಾಗಿ ತಾಮ್ರದಿಂದಾದ 120 ಗ್ರೇನಿನ ಗುಂಡನ್ನು ಆರಿಸಿದೆವು. ತಾಮ್ರ ಸೀಸಕ್ಕಿಂತ ಹಗುರವಾದ್ದರಿಂದ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ, ಅರಳಲು ವೇಗ ಬೇಕು. ಒಂದು ಮೆಟ್ಟಿಲು ಹಗುರವಾದುದನ್ನು ಆರಿಸುವುದು ಜಾಣತನ. ಬೆಲೆ ಹೆಚ್ಚು. ವರ್ಷಕ್ಕೆ ಎರಡು ಡಬ್ಬಿ ಖರ್ಚಾಗುವ ಮನೆಗೆ ಅದು ಹೊರೆಯಲ್ಲ.

ಕಿವಿಯ ಬಗ್ಗೆ ಹೇಳದೆ ಹೋದರೆ ನಮ್ಮ ವೃತ್ತಿಗೆ ದ್ರೋಹ. ರೈಫಲಿನ ಸದ್ದು 160 ಡೆಸಿಬಲ್ ದಾಟುತ್ತದೆ. 140 ದಾಟಿದ ಒಂದೇ ಸದ್ದು ಕಿವಿಯ ಸೂಕ್ಷ್ಮ ಕೋಶಗಳನ್ನು ಕೊಲ್ಲಬಲ್ಲದು, ಅವು ಮತ್ತೆ ಹುಟ್ಟುವುದಿಲ್ಲ. ಒದೆತ ತಗ್ಗಿಸಲು ನಳಿಗೆಯ ತುದಿಗೆ ಹಾಕುವ ಬ್ರೇಕ್ ಎಂಬ ಸಾಧನ ಸದ್ದನ್ನು ಇನ್ನೂ ಹೆಚ್ಚಿಸುತ್ತದೆ. ಮ್ಯಾಗ್ನಮ್ ಕೊಂಡು ಅದಕ್ಕೆ ಬ್ರೇಕ್ ಹಾಕಿಸುವವರು ಹೆಗಲಿನ ನೋವನ್ನು ಕಿವಿಗೆ ವರ್ಗಾಯಿಸುತ್ತಾರೆ, ಅಷ್ಟೇ. ಕೋವಿಯನ್ನೂ ತೋಟಾವನ್ನೂ ಬೇರೆ ಬೇರೆ ಬೀಗದಲ್ಲಿಡಬೇಕೆಂಬುದನ್ನು ಹದಿಹರೆಯದ ಮಕ್ಕಳಿರುವ ಪ್ರತಿ ಮನೆಗೂ ಶಿಬಿರದಲ್ಲಿ ಹೇಳುತ್ತೇವೆ, ಇಲ್ಲಿಯೂ ಹೇಳುತ್ತೇವೆ. ಕಾರಣವನ್ನು ಬಿಡಿಸಿ ಬರೆಯುವ ಅಗತ್ಯ ಕಾಣುವುದಿಲ್ಲ.

ಬೇಸಿಗೆಯಿಡೀ ಮಗಳು ಅಭ್ಯಾಸ ಮಾಡಿದಳು. ಮೊದಲು ಒದೆತವೇ ಇಲ್ಲದ ಸಣ್ಣ .22ರಲ್ಲಿ ನೂರಾರು ಈಡು, ಆಮೇಲೆ 7 ಎಂಎಂ-08ರಲ್ಲಿ ದಿನಕ್ಕೆ ಹತ್ತಕ್ಕಿಂತ ಹೆಚ್ಚಿಲ್ಲ. ನಡುನಡುವೆ ಅವಳಿಗೆ ತಿಳಿಯದಂತೆ ಮದ್ದಿಲ್ಲದ ಸುಳ್ಳು ತೋಟಾ ತುಂಬಿ ಕೊಡುತ್ತಿದ್ದೆವು. ಕುದುರೆ ಎಳೆದಾಗ ನಳಿಗೆ ಅಲುಗಿದರೆ ಭಯ ಒಳಗಿದೆಯೆಂದರ್ಥ. ಜುಲೈಯಲ್ಲಿ ಅಲುಗುತ್ತಿತ್ತು. ಆಗಸ್ಟಿನ ಕೊನೆಗೆ ನಿಂತಿತು. ಭಾವಮೈದುನರೂ ಬಂದು ಅದೇ ಪರೀಕ್ಷೆಗೆ ಒಳಗಾದರು. ಅವರ ಫಲಿತಾಂಶವನ್ನು ಪ್ರಕಟಿಸಲು ಅನುಮತಿ ದೊರೆತಿಲ್ಲ. ಅವರು ಈಗ .308 ಹಿಡಿಯುತ್ತಾರೆ.

ಅಕ್ಟೋಬರಿನಲ್ಲಿ ಮಕ್ಕಳಿಗೆಂದೇ ಮೀಸಲಾದ ಎರಡು ದಿನಗಳಲ್ಲಿ ಜಿಂಕೆಯೊಂದು ನೂರಿಪ್ಪತ್ತು ಗಜದಲ್ಲಿ ಪೊದೆಯ ಹಿಂದೆ ನಡೆದುಹೋಯಿತು. ತಟ್ಟೆ ಕಾಣಲಿಲ್ಲವೆಂದು ಅವಳು ಕೋವಿ ಇಳಿಸಿದಳು. ನವೆಂಬರಿನ ಕೋವಿ ಬೇಟೆಯ ಮೊದಲ ಭಾನುವಾರ, ಬೆಳಿಗ್ಗೆ ಎಂಟರ ಹೊತ್ತಿಗೆ, ಅಟ್ಟಣೆಯಿಂದ ಅರವತ್ತು ಗಜದಲ್ಲಿ ಹೆಣ್ಣು ಜಿಂಕೆ ನಿಂತಿತು. ಈಡಾದ ಮೇಲೆ ಅದು ನಲವತ್ತು ಹೆಜ್ಜೆ ಓಡಿ ಬಿತ್ತು. ಹಿಮದ ಮೇಲೆ ತಿಳಿಗೆಂಪು ನೊರೆ. ಮಗಳು ಕೈಗಡಿಯಾರ ನೋಡಿಕೊಂಡಿದ್ದಳು. "ಹನ್ನೊಂದು ಸೆಕೆಂಡ್, ಅಪ್ಪ" ಎಂದಳು. ಬಳಿಕ ಸ್ವಲ್ಪ ಹೊತ್ತು ಅತ್ತಳು. ನಾವು ಸುಮ್ಮನೆ ಪಕ್ಕದಲ್ಲಿ ಕುಳಿತಿದ್ದೆವು.

ಜಿಂಕೆಗಳಿಗೆ ಬರುವ ಸಿಡಬ್ಲ್ಯುಡಿ ಎಂಬ ಮಿದುಳಿನ ರೋಗ ವಿಸ್ಕಾನ್ಸಿನ್ನಿನಲ್ಲಿ 2002ರಿಂದ ಕಾಣಿಸಿಕೊಂಡಿದೆ. ಮನುಷ್ಯರಿಗೆ ಅದು ತಗುಲಿದ್ದು ದೃಢಪಟ್ಟಿಲ್ಲ. ಆದರೂ ಸೋಂಕಿರುವ ಪ್ರಾಣಿಯನ್ನು ತಿನ್ನಬಾರದೆಂಬುದು ಸಿಡಿಸಿಯ ಸಲಹೆ. ರಾಜ್ಯದ ಇಲಾಖೆ ಉಚಿತವಾಗಿ ಪರೀಕ್ಷೆ ಮಾಡಿಕೊಡುತ್ತದೆ. ಮಾದರಿ ಕೊಟ್ಟು ಫಲಿತಾಂಶ ಬರುವವರೆಗೆ ಮಾಂಸವನ್ನು ಫ್ರೀಜರಿನಲ್ಲಿ ಬೇರೆಯಾಗಿ ಗುರುತುಹಾಕಿ ಇಟ್ಟೆವು. ಸೋಂಕಿಲ್ಲವೆಂದು ಬಂತು. ಪಕ್ಕದ ಹೊಲದ ಹಿರಿಯರಿಗೆ ಹಿಂದೊಡೆಯ ಒಂದು ಪಾಲು ಹೋಯಿತು. ಉಳಿದದ್ದು ಕಾಳುಮೆಣಸು, ಕಾಚಂಪುಳಿ ಹಾಕಿದ ಪಲ್ಯವಾಗಿ ಕಡುಬಿನ ಜೊತೆ ನಮ್ಮ ಮನೆಯ ಮೇಜಿಗೆ ಬಂತು. ಕೊಲೊರಾಡೊದ ಎಲ್ಕ್ ಪರವಾನಗಿಗೆ ಅರ್ಜಿ ಹಾಕಲು ಏಪ್ರಿಲ್ ಆರಂಭದವರೆಗೆ ಸಮಯವಿದೆ. ಎರಡನೆಯ ಡಬ್ಬಿಯಲ್ಲಿ ಹದಿಮೂರು ತೋಟಾಗಳು ಉಳಿದಿವೆ. ಒದೆತ ಹೇಗಿದೆಯೆಂದು ಕೊಳ್ಳುವ ಮೊದಲು ತಾವೇ ನೋಡಬಯಸುವ ಸದಸ್ಯರು ಜೂನ್ ತಿಂಗಳ ಆರೋಗ್ಯ ಶಿಬಿರದಲ್ಲಿ ನಮಗೆ ತಿಳಿಸಿದರೆ ಅಭ್ಯಾಸದ ಮೈದಾನಕ್ಕೆ ಜೊತೆಗೆ ಹೋಗಬಹುದು. ವೀಸಾ, ಪರವಾನಗಿಯ ವಿಚಾರವನ್ನು ಮೊದಲೇ ವಿಚಾರಿಸಿಕೊಂಡು ಬರಬೇಕು, ಕಿವಿಗೆ ಹಾಕುವುದನ್ನು ನಾವು ತರುತ್ತೇವೆ.